ಕಿಲುಬು ಹಿಡಿದ ನಾಣ್ಯಕ್ಕೆ ಬೆಲೆ ಎಷ್ಟು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡು ಎಂದು ಗುರುಗಳು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆ ಸರ್ ಎಂದೆ. "ಅದನ್ನ ಬರಿಯಾಕ ಬಾಳ ಮಂದಿ ಅದಾರ. ನಿಮ್ಮ ಹೊಲದಾಗ ನಾಣ್ಯ ಸಿಕ್ಕಿದ್ವಲ್ಲ, ಅದನ್ನ ಬರಿ" ಎಂದರು. ಇಪ್ಪತ್ತು ವರ್ಷದ ಹಿಂದಿನ ಮಾತು ಅವರಿಗೆ ನೆನಪಿತ್ತು. ನನಗೂ ನೆನಪಿದೆ, ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವ ನೆನಪಲ್ಲ. ನಮ್ಮ ಮನೆಯವರು ತಿಳಿಯದೆ ಮಾಡಿದ ತಪ್ಪನ್ನು ಊರಿನ ಇನ್ನೊಬ್ಬರು ಮಾಡಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದು ನಾಣ್ಯಗಳು

ನಾನು ಆಗ ಒಂಬತ್ತನೇ ತರಗತಿ. ಮುಂಗಾರು ಹತ್ತಿರ ಬಂದಿತ್ತು. ಅಪ್ಪ ಹಾಳೂರ ಹೊಲದ ಒಡ್ಡು ಸರಿಮಾಡುತ್ತಿದ್ದರು. ನಮ್ಮ ಭಾಗದಲ್ಲಿ ಬಹಳ ಊರುಗಳಿಗೆ ಇಂಥದೊಂದು ಹಾಳೂರು ಇದೆ. ಹಿಂದೆ ಯಾವಾಗಲೋ ಊರಿದ್ದು, ಈಗ ಹೊಲವಾಗಿರುವ ಜಾಗ. ಕುಂಟಿ ಹೊಡೆದರೆ ಗಡಿಗೆಯ ಚೂರು, ಬಳೆಯ ಚೂರು ಮೇಲೆ ಬರುತ್ತವೆ. ಅಂದು ಗುದ್ದಲಿಗೆ ಒಂದು ಹಸಿರು ಗಟ್ಟಿ ಸಿಕ್ಕಿತು. ಮುಷ್ಟಿಯೊಳಗೆ ಹಿಡಿಯುವಷ್ಟು. ಅಪ್ಪ ಅದನ್ನು ಕಲ್ಲಿಗೆ ತಟ್ಟಿದಾಗ ಬಿಲ್ಲೆಗಳು ಬಿಡಿಬಿಡಿಯಾಗಿ ಉದುರಿದವು. ಎಣಿಸಿದರೆ ಹನ್ನೊಂದು.

ಸಂಜೆ ಮನೆಯ ಮುಂದೆ ಜನ ಸೇರಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಇದಕ್ಕ ಎಷ್ಟು ಬರ್ತೈತಿ?" ಯಾವ ಕಾಲದ್ದು, ಯಾರದ್ದು ಎಂದು ಯಾರೂ ಕೇಳಲಿಲ್ಲ. ಒಬ್ಬರು ಚಿನ್ನ ಇರಬಹುದು ಎಂದರು, ಇನ್ನೊಬ್ಬರು ಪಂಚಲೋಹ ಎಂದರು. ಹಸಿರು ತೆಗೆದರೆ ಗೊತ್ತಾಗುತ್ತದೆ ಎಂದು ಅವ್ವ ಹುಣಸೇಹಣ್ಣು, ಒಲೆಯ ಬೂದಿ, ಇಟ್ಟಂಗಿ ಪುಡಿ ಹಾಕಿ, ತಾಮ್ರದ ಕೊಡ ತಿಕ್ಕುವ ಹಾಗೆ ಒಂದು ತಾಸು ತಿಕ್ಕಿದಳು. ನಾಣ್ಯಗಳು ಕೆಂಪಗೆ ಹೊಳೆದವು. ಎಲ್ಲರಿಗೂ ಸಂತೋಷವಾಯಿತು. ನನಗೂ.

ಹತ್ತು ನಾಣ್ಯ ಹಾಗೆ ಹೊಳೆದವು. ಗೆಳೆಯರಿಗೆ ತೋರಿಸಲೆಂದು ನಾನು ಕಂಪಾಸ್ ಪೆಟ್ಟಿಗೆಯಲ್ಲಿ ಒಂದನ್ನು ಮೊದಲೇ ಎತ್ತಿಟ್ಟುಕೊಂಡಿದ್ದರಿಂದ ಹನ್ನೊಂದನೆಯದು ಉಳಿಯಿತು.

ಮರುದಿನ ಸಮಾಜ ವಿಜ್ಞಾನದ ಗುರುಗಳಿಗೆ ಎಲ್ಲವನ್ನೂ ತೋರಿಸಿದೆ. ಅವರು ಹೊಳೆಯುವ ಹತ್ತನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಎರಡರಲ್ಲಿ ಪ್ರಾಣಿಯೊಂದರ ಬೆನ್ನಿನಂಥ ಗೆರೆ ಬಿಟ್ಟರೆ ಏನೂ ಇರಲಿಲ್ಲ. "ಹೊಳಪು ಬಂತು, ಅಕ್ಷರ ಹೋತು" ಎಂದರು. ಆಮೇಲೆ ಕಂಪಾಸ್ ಪೆಟ್ಟಿಗೆಯ ಕಿಲುಬು ಹಿಡಿದ ನಾಣ್ಯ ತೋರಿಸಿದೆ. ಅದನ್ನು ಓರೆಯಾಗಿ ಹಿಡಿದಾಗ ಹಸಿರಿನ ಒಳಗೆ ಒಂದು ಆನೆ ಸ್ಪಷ್ಟವಾಗಿ ಕಂಡಿತು. "ಇದನ್ನ ತಿಕ್ಕಬ್ಯಾಡ. ಯಾರು ಹೇಳಿದ್ರೂ ತಿಕ್ಕಬ್ಯಾಡ" ಎಂದು ಹಾಳೆಯಲ್ಲಿ ಸುತ್ತಿ ಕೊಟ್ಟರು.

ನಮ್ಮ ನೆಲದಲ್ಲಿ ಯಾರ ನಾಣ್ಯಗಳಿವೆ?

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ನಾಣ್ಯದ ಬೆನ್ನು ಹತ್ತಿದೆ. ಆಗ ತಿಳಿದ ಮೊದಲ ಸಂಗತಿ ಎಂದರೆ, ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮಣ್ಣಿನಲ್ಲಿ ನಾಣ್ಯ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ ಎಂಬುದು. ಎರಡು ಸಾವಿರ ವರ್ಷಗಳಿಂದ ಈ ನೆಲ ಒಬ್ಬರಾದ ಮೇಲೊಬ್ಬರ ಕೈಗೆ ಹೋಗಿದೆ.

ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಎಂದು ಹೆಸರು. ಪಕ್ಕದ ಬನವಾಸಿಯಲ್ಲಿ ಕದಂಬರು ಆಳಿದರು. ಅವರ ನಂತರ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಬಂದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹಾನಗಲ್ಲಿನಲ್ಲೇ ಕದಂಬರ ಒಂದು ಶಾಖೆ ಆಳಿತು. ತಾರಕೇಶ್ವರ ಗುಡಿ ಚಾಲುಕ್ಯ ಶೈಲಿಯದು. ಹನುಮಂತನ ಚಿತ್ರವಿರುವ ಕೆಲವು ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಈ ಹಾನಗಲ್ಲ ಕದಂಬರದ್ದೆಂದು ಗುರುತಿಸಿದ್ದಾರೆ. ಹಿರೇಕೆರೂರು ಕಡೆಯ ಅಬಲೂರು, ರಟ್ಟಿಹಳ್ಳಿಗಳಲ್ಲಿ ಶಾಸನಗಳಿರುವ ಗುಡಿಗಳಿವೆ. ನಮ್ಮ ಸೀಮೆಯ ಶಾಸನಗಳಲ್ಲಿ ಗುಡಿಗೆ, ಕೆರೆಗೆ ಕೊಟ್ಟ ದಾನವನ್ನು ಗದ್ಯಾಣ, ಪಣ, ಹಾಗ, ವೀಸ ಎಂದು ಲೆಕ್ಕ ಹಾಕಿ ಕೆತ್ತಿದ್ದಾರೆ. ಅವೆಲ್ಲ ಆ ಕಾಲದ ನಾಣ್ಯ ಮತ್ತು ಅದರ ಪಾಲುಗಳ ಹೆಸರುಗಳು. ನಾವು ದಿನವೂ ಆಡುವ ಹಣ, ದುಡ್ಡು, ಕಾಸು ಎಂಬ ಮಾತುಗಳು ಕೂಡ ಒಂದು ಕಾಲಕ್ಕೆ ಒಂದೊಂದು ನಾಣ್ಯದ ಹೆಸರುಗಳೇ ಆಗಿದ್ದವು.

ಶಿಗ್ಗಾಂವಿ ತಾಲೂಕಿನ ಬಂಕಾಪುರ ರಾಷ್ಟ್ರಕೂಟರ ಸಾಮಂತ ಬಂಕೆಯನ ಹೆಸರಿನ ಊರು. 1565ರಲ್ಲಿ ವಿಜಯನಗರ ಸೋತ ಮೇಲೆ ಬಂಕಾಪುರದ ಕೋಟೆ ವಿಜಾಪುರದ ಆದಿಲಶಾಹಿಗಳ ವಶವಾಯಿತು. ಆಮೇಲೆ ಸವಣೂರಿನ ನವಾಬರ ಕಾಲ. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ಸೈನ್ಯಗಳು ಸವಣೂರಿಗೆ ಮುತ್ತಿಗೆ ಹಾಕಿದವು. 1786ರಲ್ಲಿ ಟಿಪ್ಪು ಸುಲ್ತಾನ ಸವಣೂರನ್ನು ಹಿಡಿದ. 1791ರಲ್ಲಿ ಮರಾಠರು ಮತ್ತು ಇಂಗ್ಲಿಷರು ಸೇರಿ ಟಿಪ್ಪುವಿನ ಕೈಯಿಂದ ಧಾರವಾಡದ ಕೋಟೆ ಬಿಡಿಸಿಕೊಂಡರು. 1818ರ ಹೊತ್ತಿಗೆ ಪೇಶ್ವೆಯ ರಾಜ್ಯವೇ ಮುಗಿದು ನಮ್ಮ ಸೀಮೆ ಕಂಪನಿ ಸರಕಾರಕ್ಕೆ ಸೇರಿತು.

ಹೀಗೆ ಆಳಿದವರೆಲ್ಲರ ದುಡ್ಡು ನಮ್ಮ ಸಂತೆಗಳಲ್ಲಿ ಓಡಾಡಿದೆ. ಒಬ್ಬ ರಾಜ ಹೋದ ಕೂಡಲೇ ಅವನ ದುಡ್ಡು ಹೋಗುತ್ತಿರಲಿಲ್ಲ. ತಾಮ್ರ ತೂಕವಿದ್ದರೆ ಸಂತೆಯಲ್ಲಿ ನಡೆಯುತ್ತಿತ್ತು. ಆದ್ದರಿಂದ ಒಂದೇ ಹೊಲದಲ್ಲಿ ನಾಗರಿ ಅಕ್ಷರದ ಮರಾಠರ ಶಿವರಾಯಿ, ಟಿಪ್ಪುವಿನ ಆನೆ ಪೈಸೆ, ವಿಕ್ಟೋರಿಯಾ ರಾಣಿಯ ಕಾಲಾಣೆ, 1943ರಿಂದ 1947ರವರೆಗೆ ಬಂದ ತೂತಿನ ದುಡ್ಡು, ಎಲ್ಲವೂ ಸಿಗಬಹುದು.

ಇಂಥ ನಾಣ್ಯಗಳಿಗೆ ಮೊದಲು ಗಮನ ಕೊಟ್ಟವರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. 1824ರ ಕಿತ್ತೂರು ಯುದ್ಧದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕು, ಆಮೇಲೆ ಬಿಡುಗಡೆಯಾದ ಇಂಗ್ಲಿಷ್ ಅಧಿಕಾರಿ ಇವನೇ. ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತ ಶಾಸನಗಳ ನಕಲು ಮಾಡಿಸಿದ, ನಾಣ್ಯ ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಅವನ ಪುಸ್ತಕ 1886ರಲ್ಲಿ, ಅವನ ಕಣ್ಣಿನ ದೃಷ್ಟಿ ಕುಂದಿದ್ದ ಮುಪ್ಪಿನಲ್ಲಿ, ಲಂಡನ್ನಿನಿಂದ ಹೊರಬಂತು. ನಮ್ಮ ಕಾಲದಲ್ಲಿ ಡಾ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ. ಇವರಿಗೆಲ್ಲ ಆಧಾರವಾದದ್ದು ಮಣ್ಣಿನಲ್ಲಿ ಸಿಕ್ಕಿ, ಓದುವ ಸ್ಥಿತಿಯಲ್ಲಿ ಉಳಿದ ನಾಣ್ಯಗಳು.

ಕಿಲುಬು ಎಂದರೆ ಏನು?

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರಕ್ಕೆ ಹಿಡಿಯುವುದು ಕಿಲುಬು. ಚಿನ್ನಕ್ಕೆ ಎರಡೂ ಇಲ್ಲ. ಸಾವಿರ ವರ್ಷ ಮಣ್ಣಿನಲ್ಲಿದ್ದ ಚಿನ್ನದ ಗದ್ಯಾಣವನ್ನು ನೀರಿನಲ್ಲಿ ತೊಳೆದರೆ ನಿನ್ನೆ ಟಂಕಿಸಿದ ಹಾಗೆ ಇರುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ತಾಮ್ರದ ಕಥೆ ಬೇರೆ.

ತಾಮ್ರ ಮಣ್ಣಿಗೆ ಬಿದ್ದಾಗ ಮೊದಲು ಆಮ್ಲಜನಕದೊಂದಿಗೆ ಸೇರಿ ಕೆಂಪು ಆಕ್ಸೈಡ್ ಪದರವಾಗುತ್ತದೆ. ಅದರ ಮೇಲೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಹಸಿರು ಕಾರ್ಬೊನೇಟ್ ಪದರ ಕೂಡುತ್ತದೆ. ಈ ಪದರಗಳು ಹೊರಗಿನಿಂದ ಬಂದು ಅಂಟಿದ ಕೊಳೆ ಅಲ್ಲ. ನಾಣ್ಯದ ತಾಮ್ರವೇ ಬದಲಾಗಿ ಆದ ವಸ್ತು. ಅಕ್ಷರದ ಏರು, ಆನೆಯ ಸೊಂಡಿಲಿನ ಗೆರೆ ಬಹಳ ಸಲ ಒಳಗಿನ ಲೋಹದಲ್ಲಿ ಉಳಿದಿರುವುದಿಲ್ಲ, ಈ ಕಿಲುಬಿನ ಪದರದಲ್ಲೇ ಉಳಿದಿರುತ್ತದೆ. ಹುಣಸೇಹಣ್ಣಿನಲ್ಲಿ ಆಮ್ಲವಿದೆ. ಅದು ಹಸಿರು ಪದರವನ್ನೂ ಕೆಂಪು ಪದರವನ್ನೂ ಕರಗಿಸುತ್ತದೆ, ಅಕ್ಷರವೂ ಅದರ ಜೊತೆಗೇ ಹೋಗುತ್ತದೆ. ಅವ್ವ ತಿಕ್ಕಿದ ಹತ್ತು ನಾಣ್ಯಗಳಲ್ಲಿ ಆದದ್ದು ಇದೇ. ಕೊಡಕ್ಕೆ ಒಳ್ಳೆಯದಾದ ಹುಣಸೇಹಣ್ಣು ನಾಣ್ಯಕ್ಕೆ ವಿಷ.

ನೀರು ನಿಲ್ಲುವ ಭತ್ತದ ಗದ್ದೆಯಲ್ಲಿ, ಉಪ್ಪಿನಂಶ ಇರುವ ಮಣ್ಣಿನಲ್ಲಿ ಕಿಲುಬು ಬೇಗ ಬೆಳೆಯುತ್ತದೆ. ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇದೆ. ಕ್ಲೋರೈಡ್ ಒಳಗೆ ಸೇರಿದ ನಾಣ್ಯ ಹೊರಗೆ ಬಂದ ಮೇಲೂ ಗಾಳಿಯ ತೇವ ತಗುಲಿ ಕೊಳೆಯುತ್ತಲೇ ಹೋಗುತ್ತದೆ. ತಿಳಿ ಹಸಿರು ಬಣ್ಣದ ಹಿಟ್ಟು ಹಿಟ್ಟಾದ ಚುಕ್ಕೆಗಳು ಕಂಡರೆ ಅದು ಆ ಗುರುತು. ಇದಕ್ಕೆ ಕಂಚಿನ ರೋಗ ಎನ್ನುತ್ತಾರೆ. ಅಂಥ ನಾಣ್ಯವನ್ನು ಬೇರೆ ನಾಣ್ಯಗಳಿಂದ ದೂರ, ಒಣಗಿದ ಜಾಗದಲ್ಲಿ ಇಡಬೇಕು. ಉಪಚಾರ ಮಾಡುವುದು ಸಂಗ್ರಹಾಲಯದ ತಜ್ಞರ ಕೆಲಸ, ನಮ್ಮದಲ್ಲ.

ಮಾರುಕಟ್ಟೆ ಏನು ಹೇಳುತ್ತದೆ?

ಈಗ ಊರವರ ಪ್ರಶ್ನೆಗೆ ಬರುತ್ತೇನೆ. ಇದಕ್ಕೆಷ್ಟು ಬರುತ್ತದೆ?

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ತಪ್ಪು. ನಾಣ್ಯ ಸಂಗ್ರಹಿಸುವವರು ಮೊದಲು ನೋಡುವುದು ಅದು ಎಷ್ಟು ಅಪರೂಪ ಎಂದು. ಎರಡನೆಯದು ಅದರ ಸ್ಥಿತಿ: ಚಿತ್ರ, ಅಕ್ಷರ, ಇಸವಿ ಓದಲು ಬರುತ್ತದೆಯೇ ಎಂದು. ಮೂರನೆಯದು ಅಸಲಿಯೇ ಎಂದು. ನಾಲ್ಕನೆಯದು ಬೇಕೆನ್ನುವವರು ಎಷ್ಟು ಜನರಿದ್ದಾರೆ ಎಂದು. ವಯಸ್ಸು ಇವೆಲ್ಲದರ ನಂತರ. ಮರಾಠರ ಶಿವರಾಯಿ, ವಿಕ್ಟೋರಿಯಾ ಕಾಲದ ಕಾಲಾಣೆಗಳನ್ನು ಲೆಕ್ಕವಿಲ್ಲದಷ್ಟು ಹೊಡೆದಿದ್ದಾರೆ. ಅವು ನೂರು ವರ್ಷಕ್ಕಿಂತ ಹಳೆಯವಾದರೂ ಕಿಲುಬು ತಿಂದು ಸವೆದಿದ್ದರೆ ಎರಡು ಪ್ಲೇಟು ಮಿರ್ಚಿ ಮಂಡಕ್ಕಿಯ ದುಡ್ಡೂ ಹುಟ್ಟುವುದು ಕಷ್ಟ.

ಒಮ್ಮೆ ಬೆಂಗಳೂರಿನ ನಾಣ್ಯ ಪ್ರದರ್ಶನವೊಂದಕ್ಕೆ ನಮ್ಮ ಹನ್ನೊಂದನ್ನೂ ಒಯ್ದಿದ್ದೆ. ಮಾರುವ ಮನಸ್ಸಿರಲಿಲ್ಲ, ಏನೆಂದು ತಿಳಿಯಬೇಕಿತ್ತು. ಬಹಳ ವರ್ಷದಿಂದ ಸಂಗ್ರಹ ಮಾಡುತ್ತಿದ್ದ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನೋಡಿದರು. ಕಿಲುಬಿನ ನಾಣ್ಯ ಟಿಪ್ಪು ಸುಲ್ತಾನನ ಆನೆ ಪೈಸೆ ಎಂದರು. ಪೇಟೆಯಲ್ಲಿ ಅದಕ್ಕೆ ಇನ್ನೂರು ರೂಪಾಯಿ ಸಿಗಬಹುದು, ತಿಕ್ಕಿದ ಹತ್ತಕ್ಕೆ ಗುಜರಿ ತಾಮ್ರದ ತೂಕ ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ಬೇರೆ: "ಇವು ಎಲ್ಲಿ ಸಿಕ್ಕವು?" ಒಂದೇ ಹೊಲದಲ್ಲಿ, ಒಂದೇ ಗಟ್ಟಿಯಾಗಿ ಸಿಕ್ಕವು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತನ್ನೂ ತಿಕ್ಕಿಬಿಟ್ಟಿರಲ್ಲ" ಎಂದರು.

ಅವರ ಬೇಸರದ ಕಾರಣ ಆಮೇಲೆ ತಿಳಿಯಿತು. ಟಿಪ್ಪುವಿನ ತಾಮ್ರದ ನಾಣ್ಯದ ಒಂದು ಬದಿ ಆನೆ, ಇನ್ನೊಂದು ಬದಿ ಟಂಕಸಾಲೆಯ ಹೆಸರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಖುರ್ಷೆದ್ ಸವಾದ್ ಎಂದರೆ ನಮ್ಮ ಧಾರವಾಡ. 1787ರಿಂದ ಅವನು ಮೌಲೂದಿ ಎಂಬ ಹೊಸ ಶಕೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಹನ್ನೊಂದು ನಾಣ್ಯಗಳು ಓದಲು ಬರುವಂತಿದ್ದರೆ, ಹಾಳೂರಿನ ಆ ಮನುಷ್ಯನ ಗಂಟಿನಲ್ಲಿದ್ದ ದುಡ್ಡು ಧಾರವಾಡದ ಸಂತೆಯದೋ, ದೂರದ ಶ್ರೀರಂಗಪಟ್ಟಣದಿಂದ ಸೈನ್ಯದ ಜೊತೆ ಬಂದದ್ದೋ ಎಂದು ಹೇಳಬಹುದಿತ್ತು. ಕೊನೆಯ ಇಸವಿ ನೋಡಿ ಅದನ್ನು ಸುಮಾರು ಯಾವಾಗ ಹುಗಿದಿಟ್ಟರು, ಊರು ಹಾಳಾದದ್ದು ಆ ಯುದ್ಧಗಳ ವರ್ಷಗಳಲ್ಲೇ ಎಂಬುದರ ಸುಳಿವೂ ಸಿಗುತ್ತಿತ್ತೇನೋ. ಉಳಿದ ಒಂದರಲ್ಲಿ ಟಂಕಸಾಲೆಯ ಹೆಸರಿನ ಭಾಗವೇ ಸವೆದಿದೆ. ನಮ್ಮ ಹಾಳೂರಿನ ಬಗ್ಗೆ ಬರೆದಿಟ್ಟ ಒಂದೇ ಒಂದು ಸಾಲೂ ನಮ್ಮೂರಲ್ಲಿ ಇಲ್ಲ. ಇದ್ದ ಸಾಕ್ಷಿಯನ್ನು ನಾವೇ ಒಂದು ತಾಸಿನಲ್ಲಿ ತೊಳೆದುಬಿಟ್ಟೆವು.

ಅಕ್ಕಿಆಲೂರಿನ ಚಿನ್ನ

ಸಿಕ್ಕ ಜಾಗ ತಿಳಿದಿರುವ ನಾಣ್ಯ ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನ ಹೆಸರು ನಾಣ್ಯಶಾಸ್ತ್ರದ ಪುಸ್ತಕಗಳಲ್ಲಿ ಇದೆ. ಕಳೆದ ಶತಮಾನದಲ್ಲಿ ಅಲ್ಲಿ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಐದು ಮತ್ತು ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇಂದಿನ ಇಸ್ತಾಂಬುಲ್‌ನಿಂದ, ಆಳಿದ ಪೂರ್ವ ರೋಮನ್ ಚಕ್ರವರ್ತಿಗಳ ನಾಣ್ಯಗಳಿದ್ದವು. ಅವುಗಳನ್ನು ನೋಡಿ ಮಾಡಿದ ನಕಲುಗಳೂ ಇದ್ದವು.

ಆ ಕಾಲಕ್ಕೆ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು. ಸಮುದ್ರ ದಾಟಿ, ಘಟ್ಟ ಹತ್ತಿ ಆ ಚಿನ್ನ ಅಕ್ಕಿಆಲೂರಿಗೆ ಬಂದಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿವೆ. ದಾರ ಪೋಣಿಸಿ ಮೈಮೇಲೆ ಹಾಕಿಕೊಳ್ಳುತ್ತಿದ್ದರೆಂದು ಅದರಿಂದ ತಿಳಿಯುತ್ತದೆ. ನಮ್ಮ ಅಜ್ಜಿಯರ ಪುತಳಿ ಸರವೂ ಇಂಥದ್ದೇ ರೂಢಿ. ಪುತಳಿ ಎಂಬುದು ವೆನಿಸ್ ನಗರದ ಚಿನ್ನದ ನಾಣ್ಯಕ್ಕೆ ನಮ್ಮವರು ಇಟ್ಟ ಹೆಸರು. ಪರದೇಶದ ನಾಣ್ಯವನ್ನು ಕೊರಳಿಗೆ ಕಟ್ಟಿಕೊಳ್ಳುವ ನಮ್ಮ ಹೆಣ್ಣುಮಕ್ಕಳ ಹವ್ಯಾಸ ಬಹಳ ಹಳೆಯದು.

ಇದೇ ನಾಣ್ಯಗಳನ್ನು ಸಿಕ್ಕವರು ಅಕ್ಕಸಾಲಿಗರಲ್ಲಿ ಕರಗಿಸಿದ್ದರೆ ಒಂದಿಷ್ಟು ತೊಲ ಚಿನ್ನವಾಗುತ್ತಿತ್ತು, ಅಷ್ಟೇ. ಜಾಗ ಹೇಳದೆ ಮಾರಿದ್ದರೆ ಯಾವುದೋ ದೇಶದ ಯಾರದೋ ಕಪಾಟಿನಲ್ಲಿ ರೋಮನ್ ನಾಣ್ಯಗಳೆಂದು ಇರುತ್ತಿದ್ದವು. ಅಕ್ಕಿಆಲೂರು ಎಂಬ ಹೆಸರು ಅವುಗಳ ಜೊತೆ ಉಳಿದದ್ದರಿಂದ, ಒಂದೂವರೆ ಸಾವಿರ ವರ್ಷದ ಹಿಂದೆ ನಮ್ಮ ತಾಲೂಕಿಗೂ ಪಶ್ಚಿಮದ ಸಮುದ್ರ ವ್ಯಾಪಾರಕ್ಕೂ ಸಂಬಂಧವಿತ್ತೆಂದು ಜಗತ್ತಿನ ವಿದ್ವಾಂಸರು ಬರೆಯುತ್ತಾರೆ.

ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲೂ ಹೀಗೆಯೇ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಟೈಬೀರಿಯಸ್ ಆಳಿದ ವರ್ಷಗಳು ಗೊತ್ತಿದ್ದುದರಿಂದ ಆ ಮಣ್ಣಿನ ಪದರಕ್ಕೆ, ಅದರಲ್ಲಿದ್ದ ಗಡಿಗೆ ಕುಡಿಕೆಗಳಿಗೆ ಕಾಲ ಹೇಳಲು ದಾರಿಯಾಯಿತು. ಅದೇ ನಾಣ್ಯ ಸಂತೆಯಲ್ಲಿ ಸಿಕ್ಕಿದ್ದರೆ ಅದು ಬರೀ ಒಂದು ಬೆಳ್ಳಿ ಬಿಲ್ಲೆ. ನಮ್ಮ ಕಂಪ್ಯೂಟರ್ ಕೆಲಸದಲ್ಲಿ, ಎಲ್ಲಿಂದ ಬಂತು, ಯಾವಾಗ ಬಂತು ಎಂಬ ವಿವರ ಕಳೆದುಕೊಂಡ ಅಂಕಿಸಂಖ್ಯೆಗೆ ಬೆಲೆ ಕೊಡುವುದಿಲ್ಲ. ನಾಣ್ಯಕ್ಕೂ ಅದೇ ಮಾತು.

ಲಕ್ಷದ ಆಸೆ, ನಿಧಿಯ ಆಸೆ

ಇದೆಲ್ಲ ಓದಿದವರ ಮಾತು, ಬಡವನಿಗೆ ರೊಕ್ಕ ಮುಖ್ಯ ಎಂದು ಯಾರಾದರೂ ಹೇಳಬಹುದು. ಆ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ರೊಕ್ಕದ ಆಸೆಯಿಂದ ಆದದ್ದನ್ನೂ ನಾನು ಮನೆಯಲ್ಲೇ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದರು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ, ತೂತಿನ ದುಡ್ಡಿಗೆ ಹತ್ತು ಲಕ್ಷ ಕೊಡುತ್ತೇವೆ ಎಂದಿತ್ತು. ಎರಡೂ ಅವರ ಹತ್ತಿರ ಇದ್ದವು. ಫೋನ್ ಮಾಡಿದರು. ಆ ಕಡೆಯವನು ಮೊದಲು ನೋಂದಣಿ ಶುಲ್ಕ ಎಂದ, ಆಮೇಲೆ ತೆರಿಗೆ ಎಂದ, ಆಮೇಲೆ ರಿಸರ್ವ್ ಬ್ಯಾಂಕಿನ ಪರವಾನಗಿ ಎಂದ. ಗೋವಿನಜೋಳ ಮಾರಿದ ರೊಕ್ಕದಲ್ಲಿ ಹದಿನೆಂಟು ಸಾವಿರ ಹೋಯಿತು. ನಂತರ ಆ ಫೋನು ಎತ್ತಲಿಲ್ಲ. ದೊಡ್ಡಪ್ಪ ನಾಚಿಕೆಯಿಂದ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ತನ್ನ ಹೆಸರು ಹೇಳಿ ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ, ಅಂಥ ಕೆಲಸಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಆದರೆ ಜಾಹೀರಾತು ಮುಟ್ಟಿದಷ್ಟು ಬೇಗ ಪ್ರಕಟಣೆ ನಮ್ಮ ಹಳ್ಳಿಗಳನ್ನು ಮುಟ್ಟುವುದಿಲ್ಲ.

ಇನ್ನೊಂದು ಆಸೆ ನಿಧಿಯದು. ಅಮಾವಾಸ್ಯೆ ರಾತ್ರಿ ಹಾಳುಗುಡಿಯಲ್ಲಿ ಗುಂಡಿ ತೋಡುವವರ ಕಥೆ ನಮ್ಮ ಕಡೆ ಹೊಸದಲ್ಲ. ನಂದಿಯನ್ನು ಒಡೆಯುತ್ತಾರೆ, ವೀರಗಲ್ಲನ್ನು ಉರುಳಿಸುತ್ತಾರೆ. ಊರಿಗಾಗಿ, ದನಗಳಿಗಾಗಿ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಅದರ ಕೆಳಗೆ ಚಿನ್ನ ಯಾರು ಇಡುತ್ತಾರೆ?

ನಿಧಿಯ ಬಗ್ಗೆ ನಮ್ಮ ನೆಲದಲ್ಲೇ ಹುಟ್ಟಿದ ಬೇರೆ ಕಥೆಯೊಂದಿದೆ. ಶಿಗ್ಗಾಂವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕನಿಗೆ ನೆಲ ಅಗೆಯುವಾಗ ಹೊನ್ನು ಸಿಕ್ಕಿತು, ಅದನ್ನು ತನಗಾಗಿ ಇಟ್ಟುಕೊಳ್ಳದೆ ದೇವರ ಕೆಲಸಕ್ಕೆ, ಜನರ ಕೆಲಸಕ್ಕೆ ಕೊಟ್ಟಿದ್ದರಿಂದ ಜನ ಅವನನ್ನು ಕನಕ ಎಂದು ಕರೆದರು ಎಂದು ಹಿರಿಯರು ಹೇಳುತ್ತಾರೆ. ಆ ಕನಕನೇ ಕಾಗಿನೆಲೆಯ ಆದಿಕೇಶವನ ದಾಸನಾದ. ಮಣ್ಣಿನಲ್ಲಿ ಸಿಕ್ಕದ್ದು ಒಬ್ಬನದಲ್ಲ ಎಂಬ ತಿಳಿವಳಿಕೆ ನಮ್ಮ ಸೀಮೆಯಲ್ಲಿ ಕಾನೂನಿಗಿಂತ ಮೊದಲೇ ಇತ್ತು.

ಕಾನೂನೂ ಅದನ್ನೇ ಹೇಳುತ್ತದೆ. ಮಣ್ಣಿನಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಲ್ಲೇ ಕಾಯ್ದೆ ಬಂತು. ಸರಕಾರ ಆ ನಿಧಿಯನ್ನು ತಾನೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಕೂಡಿಸಿ ಕೊಡಬೇಕೆಂದೂ ಅದರಲ್ಲಿತ್ತು. ನಮ್ಮ ರಾಜ್ಯಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಬಂತು. 1972ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ನಮಗೆ ಆ ದಿನ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ ಎನ್ನುವುದಕ್ಕಿಂತ, ನಾವು ಯಾರನ್ನೂ ಕೇಳಲಿಲ್ಲ ಎನ್ನುವುದೇ ಸರಿ.

ನಾವು ಏನು ಮಾಡಬಹುದು?

ಹೊಲದಲ್ಲಿ, ಮನೆಯ ಬುನಾದಿಯಲ್ಲಿ, ಕೆರೆಯ ಹೂಳಿನಲ್ಲಿ ನಾಣ್ಯ ಸಿಕ್ಕರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಹುಣಸೇಹಣ್ಣು, ನಿಂಬೆ, ಬೂದಿ, ಬ್ರಷ್ ಯಾವುದೂ ಬೇಡ. ಅಂಟಿಕೊಂಡ ನಾಣ್ಯಗಳನ್ನು ಬಡಿದು ಬಿಡಿಸಬಾರದು. ಗಡಿಗೆಯಲ್ಲಿ ಸಿಕ್ಕಿದ್ದರೆ ಗಡಿಗೆಯ ಚೂರನ್ನೂ ಎಸೆಯಬಾರದು. ನೆರಳಿನಲ್ಲಿ ಒಣಗಿಸಿ ಒಂದೊಂದನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿಡಬೇಕು. ಹಸಿ ಇರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕಿಲುಬು ಹೆಚ್ಚುತ್ತದೆ. ಎರಡೂ ಬದಿಯ ಫೋಟೋ ತೆಗೆಯಬೇಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಬೇಕು. ಹೊಲದ ಸರ್ವೆ ನಂಬರು, ಎಷ್ಟು ಆಳ, ಯಾವ ದಿನ, ಜೊತೆಗೆ ಏನೇನು ಇತ್ತು ಎಂದು ಅಂದೇ ಬರೆದಿಡಬೇಕು. ನಂತರ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದು ತಿಳಿಸಿ ರಸೀತಿ ಪಡೆಯಬೇಕು. ಓದಿ ಹೇಳುವವರು ಬೇಕೆಂದರೆ ರಾಜ್ಯದ ಪುರಾತತ್ವ ಇಲಾಖೆ ಇದೆ, ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ.

ಶಾಲೆಗೆ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಸಮಾಜ ವಿಜ್ಞಾನ ವಿಭಾಗದಲ್ಲಿ ಒಂದು ದಪ್ಪ ದಾಖಲೆ ಪುಸ್ತಕ ಇಡೋಣ. ನಾಣ್ಯಗಳನ್ನು ಇಡುವುದು ಬೇಡ, ಅದು ಸರಕಾರದ ಕೆಲಸ. ನಮ್ಮ ಸುತ್ತಲಿನ ಊರುಗಳ ಯಾವ ಹೊಲದಲ್ಲಿ ಯಾವಾಗ ಏನು ಸಿಕ್ಕಿತು, ಯಾವ ಹಾಳೂರಿಗೆ ಏನು ಹೆಸರು, ಯಾವ ವೀರಗಲ್ಲು ಎಲ್ಲಿದೆ ಎಂದು ಮಕ್ಕಳು ಹಿರಿಯರನ್ನು ಕೇಳಿ ಬರೆಯಲಿ. ಪುಸ್ತಕದ ಖರ್ಚು, ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಡುವ ಕೆಲಸ ನನ್ನದಿರಲಿ. ಐವತ್ತು ವರ್ಷದ ನಂತರ ಶತಮಾನೋತ್ಸವದ ಸಂಚಿಕೆ ಬರುವಾಗ, ನಮ್ಮ ಸೀಮೆಯ ಇತಿಹಾಸ ಬರೆಯುವವರು ಮೊದಲು ಕೇಳುವ ಪುಸ್ತಕ ಅದೇ ಆಗುತ್ತದೆ.

ಮೊದಲ ಪುಟ ನಮ್ಮದೇ ಆಗಲಿ ಎಂದು ಅಪ್ಪ ಹೇಳಿದ್ದಾರೆ. ಆ ಹತ್ತು ನಾಣ್ಯಗಳು ಇಷ್ಟು ವರ್ಷ ಅವ್ವನ ದೇವರ ಜಗಲಿಯ ಡಬ್ಬಿಯಲ್ಲಿದ್ದವು, ಹನ್ನೊಂದನೆಯದು ಬೆಂಗಳೂರಿನಲ್ಲಿ ನನ್ನ ಹತ್ತಿರ ಇತ್ತು. ಮಹೋತ್ಸವಕ್ಕೆ ಊರಿಗೆ ಬಂದಾಗ ಹನ್ನೊಂದನ್ನೂ ಕೂಡಿಸಿ, ಸಿಕ್ಕ ಜಾಗ, ತಿಕ್ಕಿದ ವಿಷಯ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಅರ್ಜಿಯಲ್ಲಿ ಬರೆದು ಹಾವೇರಿಯ ಜಿಲ್ಲಾಧಿಕಾರಿಗಳ ಕಚೇರಿಗೆ ಒಪ್ಪಿಸುತ್ತೇವೆ. ತಡವಾಯಿತು ಎಂದು ಗೊತ್ತಿದೆ. ಅವ್ವನಿಗೆ ಈ ಲೇಖನ ಓದಿ ಹೇಳಿದಾಗ, "ನನಗೇನು ಗೊತ್ತಪಾ, ಕೊಡ ತಿಕ್ಕಿದಂಗ ತಿಕ್ಕಿದೆ" ಎಂದಳು. ತಪ್ಪು ಅವಳದಲ್ಲ. ನಾಣ್ಯ ಸಿಕ್ಕ ದಿನ ನಮಗೆಲ್ಲ ತಿಳಿದಿದ್ದುದು ಒಂದೇ ಪ್ರಶ್ನೆ. ಅದರ ಜೊತೆಗೆ, ಇದು ಯಾವ ಕಾಲದ್ದು, ಇಲ್ಲಿಗೆ ಹೇಗೆ ಬಂತು ಎಂದು ಕೇಳುವುದನ್ನು ನನಗೆ ಕಲಿಸಿದ್ದು ಈ ಶಾಲೆ. ಆ ಋಣ ದೊಡ್ಡದು.